ಕಾರ್ಡ್ ಹೊಸದು, ಪರದೆ ಕಪ್ಪು: ಒಂದು ‘ನೋ ಸಿಗ್ನಲ್’ ಹಿಂದಿನ ನಲವತ್ತು ವರ್ಷ

ಇವತ್ತಿನ ಸಂಚಿಕೆ ಪಿಸಿ ಕಟ್ಟೋ ಹುಚ್ಚು ಇರೋರಿಗೆ, ಜೊತೆಗೆ ಹಳೇ ಕತೆ ಕೇಳೋ ಹುಚ್ಚು ಇರೋರಿಗೂ. ಆಡಿಯೋ ಕೇಳೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಇಲ್ಲಿದೆ ಪೂರ್ತಿ ಪಠ್ಯ.

ಒಂದು ಸನ್ನಿವೇಶ ಊಹಿಸ್ಕೊಳ್ಳಿ. ಮೈಸೂರಿನ ಕುವೆಂಪುನಗರದಲ್ಲೋ, ವಿಜಯನಗರದಲ್ಲೋ ಒಂದು ಪುಟ್ಟ ರೂಮು. ಟ್ಯೂಷನ್ ಹೇಳಿ, ಪಾರ್ಟ್‌ಟೈಮ್ ಕೆಲಸ ಮಾಡಿ ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡಲ್ಲಿ ಒಬ್ಬ ಹುಡುಗ ಅಥವಾ ಹುಡುಗಿ ಗ್ರಾಫಿಕ್ಸ್ ಕಾರ್ಡ್ ತಂದಿದ್ದಾರೆ. ಗೇಮ್ ಆಡೋಕೆ ಇರಬಹುದು, ವಿಡಿಯೋ ಎಡಿಟಿಂಗ್‌ಗೆ ಇರಬಹುದು, ಕಾಲೇಜಿನ ಎಐ ಪ್ರಾಜೆಕ್ಟ್‌ಗೆ ಇರಬಹುದು. ಕಾರ್ಡ್ ಹಾಕಿ, ಪವರ್ ಬಟನ್ ಒತ್ತಿದ್ರೆ ಫ್ಯಾನ್ ತಿರುಗುತ್ತೆ, ಲೈಟೂ ಹತ್ತುತ್ತೆ. ಮಾನಿಟರ್ ಮಾತ್ರ ‘ನೋ ಸಿಗ್ನಲ್’ ಅಂತ ತೋರಿಸಿ ಕಪ್ಪಾಗುತ್ತೆ. ತಲೇಲಿ ಬರೋ ಮೊದಲ ಯೋಚನೆ ಒಂದೇ: ದುಡ್ಡು ಹೋಯ್ತು.

ಸೆಕೆಂಡ್‌ಹ್ಯಾಂಡ್ ಕಾರ್ಡ್ ಆಗಿದ್ರಂತೂ ಎದೆ ಇನ್ನೂ ಜೋರಾಗಿ ಹೊಡ್ಕೊಳ್ಳುತ್ತೆ. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಮ್ ತನ್ನ ಪದ್ಧತಿ ಬದಲಾಯಿಸಿ, ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮೈನಿಂಗ್ ಮಾಡೋದನ್ನ ನಿಲ್ಲಿಸ್ತು. ಹಗಲೂ ರಾತ್ರಿ ದುಡಿದ ಕಾರ್ಡ್‌ಗಳು ಹಳೇ ಸಾಮಾನಿನ ಮಾರುಕಟ್ಟೆಗೆ ಬಂದವು. ಅಂಥ ಕಡೆ ಮಾರಿದವರು ‘ನಾನು ಕೊಡುವಾಗ ಚೆನ್ನಾಗೇ ಇತ್ತು’ ಅಂತಾರೆ, ಕೊಂಡವರು ‘ಸತ್ತಿರೋ ಕಾರ್ಡ್ ಕೊಟ್ರಿ’ ಅಂತಾರೆ. ಎಷ್ಟೋ ಸಲ ಇಬ್ಬರು ಹೇಳೋದೂ ನಿಜ ಅಲ್ಲ, ಸುಳ್ಳೂ ಅಲ್ಲ. ಕಾರ್ಡ್ ಚೆನ್ನಾಗೇ ಇರುತ್ತೆ. ಅದನ್ನ ಕೇಳಬೇಕಾದ ಕ್ರಮದಲ್ಲಿ ಯಾರೂ ಕೇಳಿರೋದಿಲ್ಲ.

ಕ್ರಮ ಇದು: ಮೊದಲು ಕೇಬಲ್, ಆಮೇಲೆ ಸ್ಲಾಟ್, ಆಮೇಲೆ ಪವರ್, ಆಮೇಲೆ ಬಯೋಸ್, ಕೊನೆಗೆ ಡ್ರೈವರ್. ಇದು ಯಾರೋ ಮನಸ್ಸಿಗೆ ತೋಚಿದ ಹಾಗೆ ಮಾಡಿದ ಪಟ್ಟಿ ಅಲ್ಲ. ಒಂದೊಂದು ಹೆಜ್ಜೆ ಹಿಂದೆಯೂ ಒಂದೊಂದು ಇಸವಿ ಇದೆ, ಒಂದೊಂದು ತೀರ್ಮಾನ ಇದೆ. ನಡುವಿನ ಒಂದು ಅಧ್ಯಾಯ ನಮ್ಮ ಮಾನಸಗಂಗೋತ್ರಿಗೂ ಬರುತ್ತೆ.

1981: ಪರದೆಯ ಕೆಲಸ ಬೇರೆ ಕಾರ್ಡ್‌ಗೆ

1981ರ ಆಗಸ್ಟ್ 12ಕ್ಕೆ ಐಬಿಎಂ ತನ್ನ ಪಿಸಿಯನ್ನ ಬಿಡುಗಡೆ ಮಾಡ್ತು. ಅದರ ಮದರ್‌ಬೋರ್ಡ್‌ನಲ್ಲಿ ಮಾನಿಟರ್ ಸಿಕ್ಕಿಸೋಕೆ ಜಾಗವೇ ಇರಲಿಲ್ಲ. ಐದು ಸ್ಲಾಟ್ ಇದ್ದವು. ಪರದೆ ಬೇಕು ಅಂದ್ರೆ ಕಾರ್ಡ್ ಕೊಳ್ಳಬೇಕಿತ್ತು. ಆಫೀಸ್ ಕೆಲಸಕ್ಕೆ ಎಂಡಿಎ ಅನ್ನೋ ಕಾರ್ಡ್, ಬರೀ ಅಕ್ಷರ ತೋರಿಸೋದು. ಚಿತ್ರ, ಬಣ್ಣ ಬೇಕು ಅನ್ನೋರಿಗೆ ಸಿಜಿಎ, 320×200 ಚುಕ್ಕಿಗಳಲ್ಲಿ ನಾಲ್ಕು ಬಣ್ಣ. ‘ಡಿಸ್‌ಪ್ಲೇ ಅನ್ನೋದು ಬೇರೆ ಕಾರ್ಡ್‌ನ ಕೆಲಸ’ ಅನ್ನೋ ತೀರ್ಮಾನ ಅಲ್ಲಿಂದ ಬಂತು.

ಹದಿನೈದು ವರ್ಷ ಬಿಟ್ಟು, 1996ರಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಬಂತು. ಅದು 3ಡಿ ಮಾತ್ರ ಮಾಡ್ತಿತ್ತು. ಮಾಮೂಲಿ ಪರದೆಗೆ ಇನ್ನೊಂದು ಕಾರ್ಡ್ ಇರಲೇಬೇಕು. ಎರಡರ ನಡುವೆ ಒಂದು ಗಿಡ್ಡ ಕೇಬಲ್, ಮಾನಿಟರ್ ಮಾತ್ರ ವೂಡೂಗೆ. ಅದಲುಬದಲಾದ್ರೆ ತಲೆಬಿಸಿ ಗ್ಯಾರಂಟಿ. ಅಂದ್ರೆ ‘ಕೇಬಲ್ ಯಾವುದಕ್ಕೆ ಸಿಕ್ಕಿಸಬೇಕು’ ಅನ್ನೋ ಗೊಂದಲಕ್ಕೆ ಆಗಲೇ ವಯಸ್ಸಾಗಿತ್ತು.

1999ರಲ್ಲಿ ಇಂಟೆಲ್ 810 ಚಿಪ್‌ಸೆಟ್‌ನಲ್ಲಿ ಗ್ರಾಫಿಕ್ಸ್ ಮದರ್‌ಬೋರ್ಡ್ ಒಳಗೇ ಬಂತು. 2011ರ ಸ್ಯಾಂಡಿ ಬ್ರಿಜ್ ಹೊತ್ತಿಗೆ ಪ್ರೊಸೆಸರ್‌ನ ಅದೇ ಸಿಲಿಕಾನ್ ಮೇಲೆ ಕೂತ್ಕೊಳ್ತು. ಆದ್ರಿಂದ ಈಗ ನಿಮ್ಮ ಡೆಸ್ಕ್‌ಟಾಪ್ ಹಿಂದೆ ಎರಡು ಕಡೆ ಎಚ್‌ಡಿಎಂಐ ಕಿಂಡಿ ಇರುತ್ತೆ. ಮೇಲೆ ಯುಎಸ್‌ಬಿ ಪಕ್ಕ ಇರೋದು ಮದರ್‌ಬೋರ್ಡ್‌ದು. ಕೆಳಗೆ ಅಡ್ಡಡ್ಡಲಾಗಿ ಇರೋದು ಹೊಸ ಕಾರ್ಡ್‌ದು. ಕಾರ್ಡ್ ಕೂತ ತಕ್ಷಣ ಎಷ್ಟೋ ಮದರ್‌ಬೋರ್ಡ್‌ಗಳು ತಮ್ಮ ಕಿಂಡಿಯನ್ನ ತಾವೇ ಮುಚ್ಚಿಬಿಡ್ತವೆ. ಹಳೇ ಅಭ್ಯಾಸದಲ್ಲಿ ಕೇಬಲ್ ಮೇಲೇ ಸಿಕ್ಕಿಸಿದ್ರೆ ಪರದೆ ಕಪ್ಪು. ಆದ್ದರಿಂದ ಮೊದಲ ಹೆಜ್ಜೆ: ಕೇಬಲ್ ಕೆಳಗಿನ ಕಿಂಡಿಗೆ, ಆಮೇಲೆ ಮಾನಿಟರ್ ಮೆನುವಲ್ಲಿ ಸರಿಯಾದ ಇನ್‌ಪುಟ್ ಆಯ್ಕೆ.

ಮನೇಲಿ ಹಳೇ ಮಾನಿಟರ್ ಇರೋರು ಇನ್ನೊಂದು ವಿಷಯ ನೋಡ್ಕೊಳ್ಳಿ. ನೀಲಿ ಬಣ್ಣದ 15 ಪಿನ್ನಿನ ವಿಜಿಎ ಕಿಂಡಿ 1987ರದ್ದು. ಐಬಿಎಂ ಅದನ್ನ ಪಿಎಸ್/2 ಕಂಪ್ಯೂಟರ್ ಜೊತೆ ತಂದಿತ್ತು. ಎನ್‌ವಿಡಿಯಾ 2016ರ ಜಿಟಿಎಕ್ಸ್ 10 ಸರಣಿಯಲ್ಲಿ ಆ ಅನಲಾಗ್ ಸಿಗ್ನಲ್ ಕೊಡೋದನ್ನೇ ನಿಲ್ಲಿಸ್ತು. ಬರೀ ಪಿನ್ ಬದಲಾಯಿಸೋ ಅಗ್ಗದ ಅಡಾಪ್ಟರ್ ಅಲ್ಲಿ ಕೆಲಸಕ್ಕೆ ಬರಲ್ಲ. ಒಳಗೆ ಚಿಪ್ ಇರೋ, ಡಿಜಿಟಲ್ ಸಿಗ್ನಲನ್ನ ಅನಲಾಗ್ ಮಾಡೋ ಅಡಾಪ್ಟರೇ ಬೇಕು.

ಕನ್ನಡಕ್ಕೂ ಒಂದು ಕಾರ್ಡ್ ಬೇಕಿತ್ತು

ಈಗ ಮೈಸೂರಿನ ಅಧ್ಯಾಯ. ಅದಕ್ಕೆ ಮೊದಲು ಒಂದು ಪ್ರಶ್ನೆ: 1981ರ ಆ ಪಿಸಿಯಲ್ಲಿ ‘ಸ್ತ್ರೀ’ ಅಂತ ಬರೆಯೋದು ಹೇಗೆ?

ಬರೆಯೋಕೇ ಆಗ್ತಿರಲಿಲ್ಲ. ಎಂಡಿಎ ಕಾರ್ಡ್‌ನಲ್ಲಿ ಅಕ್ಷರದ ಆಕಾರಗಳನ್ನ ಒಂದು ಚಿಪ್‌ನಲ್ಲಿ ಕೆತ್ತಿಟ್ಟಿದ್ರು. ಒಟ್ಟು 256 ಆಕಾರ, ಒಂದೊಂದಕ್ಕೂ 9×14 ಚುಕ್ಕಿಗಳ ಒಂದು ಡಬ್ಬಿ. ಇಂಗ್ಲಿಷ್‌ಗೆ ಅದು ಧಾರಾಳ. ಕನ್ನಡದಲ್ಲಿ ಸ, ಅದರ ಕೆಳಗೆ ತ ಒತ್ತು, ರ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಇಷ್ಟೆಲ್ಲ ಸೇರಿ ಒಂದೇ ಅಕ್ಷರ. ಕಾಗುಣಿತ, ಒತ್ತಕ್ಷರ ಎಲ್ಲ ಲೆಕ್ಕ ಹಾಕಿದ್ರೆ 256 ಡಬ್ಬಿ ಯಾವ ಮೂಲೆಗೂ ಸಾಲಲ್ಲ.

ಇದಕ್ಕೆ ಉತ್ತರವಾಗಿ ಬಂದದ್ದು ಜಿಸ್ಟ್ ಕಾರ್ಡ್. ಐಐಟಿ ಕಾನ್ಪುರದಲ್ಲಿ 1980ರ ದಶಕದಲ್ಲಿ ಶುರುವಾದ ಕೆಲಸ, 1988ರಲ್ಲಿ ಪುಣೆಯಲ್ಲಿ ಹುಟ್ಟಿದ ಸಿ-ಡ್ಯಾಕ್ ಸಂಸ್ಥೆಗೆ ಬಂತು. ಮೋಹನ್ ತಾಂಬೆ ಅದರ ಮುಖ್ಯ ರೂವಾರಿಗಳಲ್ಲಿ ಒಬ್ಬರು. ಪಿಸಿಯ ಸ್ಲಾಟ್‌ನಲ್ಲಿ ಈ ಕಾರ್ಡ್ ಕೂರಿಸಿದ್ರೆ, ಡಾಸ್‌ನಲ್ಲಿ ಓಡೋ ಇಂಗ್ಲಿಷ್ ಪ್ರೋಗ್ರಾಂಗಳ ಒಳಗೇ ಭಾರತೀಯ ಲಿಪಿಗಳು ಮೂಡ್ತಿದ್ವು. ಪ್ರೋಗ್ರಾಂಗೆ ಗೊತ್ತೇ ಆಗ್ತಿರಲಿಲ್ಲ. ಅಕ್ಷರ ಜೋಡಿಸೋ ತಲೆನೋವೆಲ್ಲ ಕಾರ್ಡ್‌ದು.

ಅದರ ಗುಟ್ಟು ಇಸ್ಕಿ ಅನ್ನೋ ಸಂಕೇತ ಪದ್ಧತಿ. 1991ರಲ್ಲಿ ಅದು ಭಾರತೀಯ ಮಾನಕವಾಯ್ತು. ಆಕಾರಕ್ಕೆ ಸಂಖ್ಯೆ ಕೊಡೋ ಬದಲು ಧ್ವನಿಗೆ ಸಂಖ್ಯೆ. ಕನ್ನಡದ ‘ಕ’ಕ್ಕೂ, ತೆಲುಗಿನ, ದೇವನಾಗರಿಯ ‘ಕ’ಕ್ಕೂ ಒಂದೇ ಸಂಖ್ಯೆ. ಹೇಗೆ ಕಾಣಬೇಕು ಅನ್ನೋದನ್ನ ತೋರಿಸೋ ಕಡೆ ತೀರ್ಮಾನ ಮಾಡಿದ್ರೆ ಸಾಕು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ. 1969ರಲ್ಲಿ ಶುರುವಾದದ್ದು. ಹುಣಸೂರು ರಸ್ತೇಲಿ ಓಡಾಡೋರು ಬೋರ್ಡ್ ನೋಡಿರ್ತೀರಿ. 1990ರ ದಶಕದಲ್ಲಿ ಕೇಂದ್ರ ಸರ್ಕಾರ ಭಾರತೀಯ ಭಾಷೆಗಳ ಪಠ್ಯವನ್ನ ಕಂಪ್ಯೂಟರ್‌ಗೆ ತುಂಬೋ ಯೋಜನೆ ಹಾಕಿದಾಗ, ಕನ್ನಡ, ತಮಿಳು, ತೆಲುಗು, ಮಲಯಾಳಂ ಪಾಲು ಬಂದದ್ದು ಈ ಸಂಸ್ಥಾನಕ್ಕೆ. ಒಂದೊಂದು ಭಾಷೆಗೂ ಸುಮಾರು 30 ಲಕ್ಷ ಪದ. ಆ ಪಠ್ಯ ಶೇಖರವಾದದ್ದು ಇಸ್ಕಿಯಲ್ಲಿ. ಇವತ್ತು ಎಐಗೆ ಕನ್ನಡ ಕಲಿಸಬೇಕು, ಅದಕ್ಕೆ ಜಿಪಿಯು ಬೇಕು ಅಂತ ಮಾತಾಡ್ತೀವಲ್ಲ, ಕನ್ನಡದ ವಾಕ್ಯಗಳನ್ನ ಯಂತ್ರಕ್ಕೆ ಲಕ್ಷಗಟ್ಟಲೆ ಉಣಿಸೋ ಕೆಲಸ ಮೂವತ್ತು ವರ್ಷದ ಹಿಂದೆ ಇದೇ ಊರಲ್ಲಿ ನಡೆದಿತ್ತು.

ಇಸ್ಕಿಯ 1988ರ ರೂಪದ ಮೇಲೇ ಯೂನಿಕೋಡ್‌ನ ಭಾರತೀಯ ಲಿಪಿಗಳ ಜೋಡಣೆ ನಿಂತಿದೆ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟ್ ಜೊತೆ ಕನ್ನಡವನ್ನ ಒಳಗಿನಿಂದಲೇ ತೋರಿಸ್ತು. ಕನ್ನಡಕ್ಕೆ ಅಂತ ಬೇರೆ ಕಾರ್ಡ್ ಬೇಕಾದ ಕಾಲ ಮುಗೀತು. ಈ ಪಠ್ಯವನ್ನ ನೀವು ಫೋನಲ್ಲಿ ಓದ್ತಿದ್ರೆ, ಜಿಸ್ಟ್ ಕಾರ್ಡ್ ಮಾಡ್ತಿದ್ದ ಕೆಲಸವನ್ನ ಕಾರ್ಡೇ ಇಲ್ಲದೆ ನಿಮ್ಮ ಫೋನ್ ಮಾಡ್ತಿದೆ.

ಸ್ಲಾಟ್: ಚಿನ್ನದ ಬೆರಳು

ಆ ಕಾಲದ ಕಾರ್ಡ್‌ಗಳು ಕೂರ್ತಿದ್ದದ್ದು ಐಸಾ ಸ್ಲಾಟ್‌ನಲ್ಲಿ. ಯಾವ ಕಾರ್ಡ್‌ಗೆ ಯಾವ ವಿಳಾಸ, ಯಾವ ಇಂಟರಪ್ಟ್ ಅನ್ನೋದನ್ನ ಪುಟ್ಟ ಜಂಪರ್ ಕಿತ್ತು ಹಾಕಿ ನಾವೇ ಹೇಳಬೇಕಿತ್ತು. ಎರಡು ಕಾರ್ಡ್ ಒಂದೇ ನಂಬರ್ ಕೇಳಿದ್ರೆ ಜಗಳ, ಕಂಪ್ಯೂಟರ್ ಸ್ತಬ್ಧ. 1992ರ ಪಿಸಿಐ, 1995ರ ವಿಂಡೋಸ್ 95 ಬಂದ್ಮೇಲೆ ಆ ಗೋಳು ಕಡಿಮೆಯಾಯ್ತು. ಗ್ರಾಫಿಕ್ಸ್‌ಗೇ ಅಂತ ಎಜಿಪಿ ಬಂತು. 2004ರಿಂದ ಪಿಸಿಐ ಎಕ್ಸ್‌ಪ್ರೆಸ್ ಮಾರುಕಟ್ಟೆಗೆ ಬಂತು, ಇವತ್ತಿಗೂ ಅದೇ ನಡೀತಿದೆ. ಹಳೇ ಕಾರ್ಡ್ ಹೊಸ ಸ್ಲಾಟ್‌ಗೆ, ಹೊಸ ಕಾರ್ಡ್ ಹಳೇ ಸ್ಲಾಟ್‌ಗೆ ಹೊಂದ್ಕೊಳ್ಳುತ್ತೆ. ವೇಗ ಕಡಿಮೆ ಆಗಬಹುದು, ಅಷ್ಟೇ.

ಆದ್ದರಿಂದ ಇಲ್ಲಿ ಸಮಸ್ಯೆ ಸಾಮಾನ್ಯವಾಗಿ ಹೊಂದಾಣಿಕೆಯದ್ದಲ್ಲ, ಕೂರಿಸೋದ್ದು. ಕಾರ್ಡ್‌ನ ಅಂಚಲ್ಲಿ ಚಿನ್ನದ ಲೇಪನ ಇರೋ ಸಾಲು ಇದೆಯಲ್ಲ, ಅದರಲ್ಲಿ ಕೆಲವು ಬೆರಳುಗಳನ್ನ ಬೇಕಂತಲೇ ಗಿಡ್ಡ ಮಾಡಿರ್ತಾರೆ. ಕಾರ್ಡ್ ಪೂರ್ತಿ ಇಳಿದಾಗ ಮಾತ್ರ ಅವು ತಾಗ್ತವೆ. ‘ನಾನು ಬಂದೆ’ ಅಂತ ಮದರ್‌ಬೋರ್ಡ್‌ಗೆ ಹೇಳೋದು ಅವೇ. ಒಂದು ಮಿಲಿಮೀಟರ್ ಎದ್ದಿದ್ರೂ ಫ್ಯಾನ್ ತಿರುಗಬಹುದು, ಪರದೆ ಬರದೇ ಇರಬಹುದು.

ಮಾಡಬೇಕಾದ್ದು: ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡೀರಿ, ಉಳಿದ ಕರೆಂಟ್ ಹೋಗ್ಲಿ. ಕೇಸ್‌ನ ಲೋಹದ ಭಾಗ ಮುಟ್ಟಿ ಮೈಯಲ್ಲಿರೋ ಸ್ಟ್ಯಾಟಿಕ್ ಕಳೀರಿ. ಕಾರ್ಡ್ ತೆಗೆದು, ಪ್ರೊಸೆಸರ್‌ಗೆ ಹತ್ತಿರದ ಉದ್ದ ಸ್ಲಾಟ್‌ನಲ್ಲಿ ‘ಟಕ್’ ಅನ್ನೋವರೆಗೂ ಒತ್ತಿ, ಆಮೇಲೆ ಸ್ಕ್ರೂ ಹಾಕಿ. ಸ್ಕ್ರೂ ಬಿಗಿ ಮಾಡುವಾಗ ಕಾರ್ಡ್‌ನ ಇನ್ನೊಂದು ತುದಿ ಮೇಲೆದ್ದಿದೆಯಾ ನೋಡಿ. ಹಳೇ ಕಾರ್ಡ್ ಆದ್ರೆ ಚಿನ್ನದ ಅಂಚನ್ನ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಲಿ. ಹಾಗೇ ರ‍್ಯಾಮ್ ಅನ್ನೂ ಒಮ್ಮೆ ಒತ್ತಿ ನೋಡಿ. ಕಾರ್ಡ್ ಹಾಕುವಾಗ ಕೈ ತಾಗಿ ಅದು ಸಡಿಲ ಆಗೋದುಂಟು.

ಪವರ್: ಶಿವನಸಮುದ್ರದಿಂದ ಎಸ್‌ಎಂಪಿಎಸ್‌ವರೆಗೆ

ಕರೆಂಟ್ ವಿಷಯದಲ್ಲಿ ಮೈಸೂರು ಸೀಮೆ ಹಳೇ ಹುಲಿ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು, 1908ರಲ್ಲಿ ಮೈಸೂರಿಗೆ. ಮೊದಲು ಕರೆಂಟ್ ಹೋದದ್ದು ಅರಮನೆಗಲ್ಲ, ಗಣಿಗೆ. ಭಾರೀ ಹೊರೆ ಎಲ್ಲಿದೆಯೋ ಅಲ್ಲಿಗೆ ಬೇರೆ ಲೈನ್ ಎಳೀಬೇಕು ಅನ್ನೋದು ಆಗಿನ ಲೆಕ್ಕ. ಗ್ರಾಫಿಕ್ಸ್ ಕಾರ್ಡ್ ಕತೆಯೂ ಅದೇ.

ಮೊದಲು ಕಾರ್ಡ್‌ಗೆ ಸ್ಲಾಟ್ ಕೊಡೋ ಕರೆಂಟೇ ಸಾಕಿತ್ತು. 2000ದ ವೂಡೂ 5 5500 ಹೊತ್ತಿಗೆ ಅದು ಸಾಲದೆ ಹಾರ್ಡ್‌ಡಿಸ್ಕ್‌ನ ವೈರನ್ನೇ ಕಾರ್ಡ್‌ಗೆ ಎಳೆದರು. ಪಿಸಿಐ ಎಕ್ಸ್‌ಪ್ರೆಸ್ ಬಂದಾಗ ಲೆಕ್ಕ ಸ್ಪಷ್ಟವಾಯ್ತು: ಸ್ಲಾಟ್‌ನಿಂದ 75 ವ್ಯಾಟ್, 6 ಪಿನ್ ವೈರ್‌ನಿಂದ ಇನ್ನೊಂದು 75, 8 ಪಿನ್ ವೈರ್‌ನಿಂದ 150. 2022ರಲ್ಲಿ 600 ವ್ಯಾಟ್‌ವರೆಗೆ ಕೊಡೋ 16 ಪಿನ್ನಿನ ಪ್ಲಗ್ ಬಂತು. ಅದೇ ವರ್ಷದ ಕೊನೆಗೆ ಆರ್‌ಟಿಎಕ್ಸ್ 4090 ಕಾರ್ಡ್‌ಗಳಲ್ಲಿ ಪ್ಲಗ್ ಕರಗಿದ ಫೋಟೋಗಳು ಲೋಕವೆಲ್ಲ ಸುತ್ತಿದವು. ಪ್ಲಗ್ ಪೂರ್ತಿ ಒಳಗೆ ಹೋಗದಿರೋದು ಅದಕ್ಕೆ ಒಂದು ಮುಖ್ಯ ಕಾರಣ ಅಂತ ಗೊತ್ತಾಯ್ತು. 2023ರಲ್ಲಿ ಪ್ಲಗ್‌ನ ವಿನ್ಯಾಸವನ್ನೇ ತಿದ್ದಿದರು.

ನಿಮಗೆ ಬೇಕಾದ್ದು ನಾಲ್ಕು ಮಾತು. ಒಂದು, ಕಾರ್ಡ್ ಮೇಲೆ ಎಷ್ಟು ಪವರ್ ಕಿಂಡಿ ಇದೆಯೋ ಅಷ್ಟಕ್ಕೂ ವೈರ್ ಹಾಕಿ. ಎರಡು, ಪ್ರೊಸೆಸರ್‌ನ 8 ಪಿನ್ ವೈರ್ ನೋಡೋಕೆ ಹಾಗೇ ಇರುತ್ತೆ, ಆದ್ರೆ ಒಳಗೆ ಪ್ಲಸ್, ಮೈನಸ್ ತಲೆಕೆಳಗು. ಒತ್ತಾಯದಿಂದ ತುರುಕಬೇಡಿ. ಮೂರು, ಬೇರೆ ಎಸ್‌ಎಂಪಿಎಸ್‌ನ ಬಿಚ್ಚಿಡೋ ವೈರನ್ನ ನಿಮ್ಮದಕ್ಕೆ ಬಳಸಬೇಡಿ. ಪಿನ್ ಕೂರುತ್ತೆ, ಜೋಡಣೆ ಬೇರೆ ಇರುತ್ತೆ, ಕಾರ್ಡ್ ಸುಡುತ್ತೆ. ನಾಲ್ಕು, ಡಬ್ಬದ ಮೇಲಿನ ದೊಡ್ಡ ಅಂಕಿ ನಂಬಬೇಡಿ, ಲೇಬಲ್‌ನಲ್ಲಿ 12 ವೋಲ್ಟ್ ಸಾಲು ಓದಿ. ಅಲ್ಲಿ 30 ಆಂಪ್ಸ್ ಅಂತಿದ್ರೆ 12×30, ಅಂದ್ರೆ 360 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಅಷ್ಟರಲ್ಲೇ ಬದುಕಬೇಕು. ಡಬ್ಬ ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳು ಅಪಾಯಕಾರಿ.

ಯುಪಿಎಸ್ ಇರೋರಿಗೆ ಇನ್ನೊಂದು ಲೆಕ್ಕ. ಮನೆಗಳಲ್ಲಿ ಕಾಣೋ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ ಹೊರುತ್ತೆ. ಡೆಸ್ಕ್‌ಟಾಪ್ ಆನ್ ಆಗುತ್ತೆ, ಗೇಮ್ ಶುರುವಾದ ಕೂಡಲೇ ‘ಪಟ್’ ಅಂತ ಆಫ್. ಅದನ್ನ ಕಾರ್ಡ್‌ನ ತಪ್ಪು ಅನ್ನೋ ಮೊದಲು, ಯುಪಿಎಸ್ ಬಿಟ್ಟು ಅರ್ತಿಂಗ್ ಸರಿ ಇರೋ ಗೋಡೆಯ ಸಾಕೆಟ್‌ಗೇ ಹಾಕಿ ನೋಡಿ.

ಒಂದು ಉದ್ದ, ಎರಡು ಚಿಕ್ಕ

ಪರದೆಯೇ ಇಲ್ಲ ಅಂದ್ರೆ ಕಂಪ್ಯೂಟರ್ ತನ್ನ ಕಷ್ಟ ಹೇಳೋದು ಹೇಗೆ? ಐಬಿಎಂ ಪಿಸಿಯ ಕಾಲದಲ್ಲೇ ಇದಕ್ಕೆ ಉತ್ತರ ಇತ್ತು: ಬೀಪ್. ಒಂದು ಉದ್ದ, ಎರಡು ಚಿಕ್ಕ ಬೀಪ್ ಬಂದ್ರೆ ಡಿಸ್‌ಪ್ಲೇ ಕಾರ್ಡ್ ಸಮಸ್ಯೆ. ಆಮೇಲೆ ಬಂದ ಎಷ್ಟೋ ಬಯೋಸ್‌ಗಳೂ ಅದೇ ಭಾಷೆ ಉಳಿಸ್ಕೊಂಡವು. ಈಗಿನ ಬೋರ್ಡ್‌ಗಳಲ್ಲಿ ಸ್ಪೀಕರ್ ಬದಲು ‘ವಿಜಿಎ’ ಅಂತ ಬರೆದ ಪುಟ್ಟ ದೀಪ ಇರುತ್ತೆ. ಅದು ಉರೀತಾ ನಿಂತ್ರೆ ಬೋರ್ಡ್‌ಗೆ ಕಾರ್ಡ್ ಸಿಕ್ಕಿಲ್ಲ ಅಂತ ಅರ್ಥ. ಹಿಂದಿನ ಮೂರು ಹೆಜ್ಜೆಗೆ ವಾಪಸ್ ಹೋಗಿ.

ದೀಪ ಆರಿದೆ, ಆದ್ರೂ ಪರದೆ ಇಲ್ಲ ಅಂದ್ರೆ ಬಯೋಸ್ ನೋಡಬೇಕು. ಒಂದೊಂದು ಕಾರ್ಡ್‌ನಲ್ಲೂ ಅದರದ್ದೇ ಪುಟ್ಟ ಪ್ರೋಗ್ರಾಂ ಇರುತ್ತೆ. ಹಳೇ ಕಾರ್ಡ್‌ಗಳು ವಿಜಿಎ ಕಾಲದ ಪದ್ಧತಿಯಲ್ಲಿ ಮಾತಾಡ್ತವೆ, ಹೊಸ ಬೋರ್ಡ್‌ಗಳು ಯುಇಎಫ್‌ಐ ಪದ್ಧತಿಯಲ್ಲಿ. ತುಂಬ ಹಳೇ ಕಾರ್ಡ್ ಆದ್ರೆ ಸಿಎಸ್‌ಎಂ ಅನ್ನೋ ಆಯ್ಕೆ ಆನ್ ಮಾಡಬೇಕಾಗಬಹುದು. ಅದಕ್ಕೆ ಕಾರ್ಡ್ ತೆಗೆದು, ಮದರ್‌ಬೋರ್ಡ್ ಕಿಂಡಿಯಿಂದ ಪರದೆ ತರಿಸಿ, ಸೆಟ್ಟಿಂಗ್ ಬದಲಾಯಿಸಿ, ಮತ್ತೆ ಕಾರ್ಡ್ ಹಾಕಿ. ನಿಮ್ಮದು ಹೆಸರಿನ ಕೊನೆಗೆ ‘ಎಫ್’ ಇರೋ ಇಂಟೆಲ್ ಪ್ರೊಸೆಸರ್ ಆದ್ರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಸ್ನೇಹಿತರ ಕಾರ್ಡ್ ಎರವಲು ತರಬೇಕು.

ಕೊನೆಗೆ ಡ್ರೈವರ್

ಪರದೆ ಬಂತು, ಆದ್ರೆ ಅಕ್ಷರ ದಪ್ಪ, ಎಲ್ಲ ಹಿಗ್ಗಿದ ಹಾಗೆ. ಹೆದರಬೇಡಿ. 1989ರಲ್ಲಿ ಮಾನಿಟರ್, ಕಾರ್ಡ್ ಕಂಪನಿಗಳು ಸೇರಿ ವೆಸಾ ಅನ್ನೋ ಕೂಟ ಕಟ್ಟಿ, 800×600ರಂಥ ಸಾಮಾನ್ಯ ಅಳತೆಗಳನ್ನ ಒಪ್ಪಿಕೊಂಡವು. ಡ್ರೈವರ್ ಇಲ್ಲದಾಗ ವಿಂಡೋಸ್ ಇಂಥ ಎಲ್ಲರಿಗೂ ಗೊತ್ತಿರೋ ದಾರಿ ಹಿಡಿಯುತ್ತೆ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತಿದ್ರೆ ಕಾರ್ಡ್ ಬದುಕಿದೆ, ಡ್ರೈವರ್ ಬಂದಿಲ್ಲ. ಹಳೇ ಕಾರ್ಡ್‌ನ ಡ್ರೈವರ್ ಸೇಫ್ ಮೋಡ್‌ನಲ್ಲಿ ತೆಗೆದು, ಕಾರ್ಡ್ ಮಾಡಿದ ಚಿಪ್ ಕಂಪನಿಯ ಅಧಿಕೃತ ತಾಣದಿಂದ ಹೊಸದು ಹಾಕಿ.

‘ಕೋಡ್ 43’ ಬಂದ್ರೆ ಸ್ವಲ್ಪ ಎಚ್ಚರ. ಸಾಧನ ತಾನೇ ತೊಂದರೆ ಹೇಳ್ಕೊಂಡಿದೆ ಅಂತ ವಿಂಡೋಸ್ ಅದನ್ನ ನಿಲ್ಲಿಸಿದೆ. ಮೈನಿಂಗ್‌ಗೆ ದುಡಿದ ಕೆಲವು ಕಾರ್ಡ್‌ಗಳ ಬಯೋಸನ್ನ ತಿದ್ದಿರ್ತಾರೆ, ಆಗ ಮಾಮೂಲಿ ಡ್ರೈವರ್ ಒಪ್ಪಲ್ಲ. ಮೂಲ ಬಯೋಸ್ ಹಾಕಿದ್ರೆ ಅಂಥ ಕಾರ್ಡ್ ಸರಿಹೋಗೋದುಂಟು. ಕೆಲವು ಕಾರ್ಡ್‌ಗಳಲ್ಲಿ ಎರಡು ಬಯೋಸ್ ಇದ್ದು, ಬದಲಾಯಿಸೋಕೆ ಪುಟ್ಟ ಸ್ವಿಚ್ಚೇ ಇರುತ್ತೆ.

ಇಷ್ಟೂ ಆದ್ಮೇಲೆ ಒಂದೇ ಪರೀಕ್ಷೆ ಉಳಿಯುತ್ತೆ. ನಿಮ್ಮ ಕಾರ್ಡನ್ನ ಸರಿಯಾಗಿ ಓಡ್ತಿರೋ ಇನ್ನೊಂದು ಪಿಸಿಗೆ ಹಾಕಿ, ಆ ಪಿಸಿಯ ಕಾರ್ಡನ್ನ ನಿಮ್ಮದಕ್ಕೆ ಹಾಕಿ. ಪವರ್ ಲೆಕ್ಕ ಎರಡೂ ಕಡೆ ನೋಡ್ಕೊಳ್ಳಿ. ಅಲ್ಲೂ ನಿಮ್ಮ ಕಾರ್ಡ್ ಕಪ್ಪು, ಇಲ್ಲಿ ಅವರ ಕಾರ್ಡ್ ಸರಿ ಅಂದ್ರೆ ಆಗ ಹೇಳಿ, ಕಾರ್ಡ್ ಸತ್ತಿದೆ ಅಂತ. ಆ ಮಾತನ್ನ ಅಂಗಡಿಯಲ್ಲಿ ಧೈರ್ಯವಾಗಿ ಹೇಳಬಹುದು, ವಾಪಸ್ ಕೊಡೋ ಗಡುವು ಮುಗಿಯೋ ಮೊದಲೇ ಹೇಳಬಹುದು. ಸೆಕೆಂಡ್‌ಹ್ಯಾಂಡ್ ಕೊಳ್ಳೋರು ಈ ಪರೀಕ್ಷೆಯನ್ನ ಮೊದಲೇ ಮಾಡಿ: ಮಾರೋರ ಪಿಸಿಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ, ಆಮೇಲೆ ದುಡ್ಡು ಕೊಡಿ.

ಹೋಗೋ ಮುಂಚೆ ಒಂದು ಮನವಿ. ಮೈಸೂರಿನ ಯಾವುದಾದ್ರೂ ಹಳೇ ಕಚೇರಿಯ, ಪ್ರೆಸ್‌ನ, ಕಾಲೇಜಿನ ಅಟ್ಟದ ಮೇಲೆ ಧೂಳು ಹಿಡಿದ ಪಿಸಿ ಇದ್ರೆ, ಗುಜರಿಗೆ ಹಾಕೋ ಮೊದಲು ಒಳಗೆ ಇಣುಕಿ. ಜಿಸ್ಟ್ ಅಂತ ಬರೆದ ಕಾರ್ಡ್ ಸಿಕ್ಕಿದ್ರೆ ಒಂದು ಫೋಟೋ ತೆಗೆದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.